‘ದುರ್ಗಮ’ ಎಂದರೆ ಯಾರಿಗೆ ದೂರ? ಒಂದು ಬೆಟ್ಟದ ನಡಿಗೆಯ ಯೋಜನೆಯನ್ನು ಓದುತ್ತಾ

ಪ್ರವಾಸ ಸಾಹಿತ್ಯದ ಬಗೆಗಿನ ನಮ್ಮ ವಿಮರ್ಶೆ ಪ್ರವಾಸ ಮುಗಿದ ಮೇಲೆ ಬರೆದದ್ದನ್ನು ಮಾತ್ರ ಓದುತ್ತ ಬಂದಿದೆ. ಹೊರಡುವ ಮುಂಚೆ ಬರೆದದ್ದಕ್ಕೆ ಅಲ್ಲಿ ಜಾಗವಿಲ್ಲ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ, ಯಾವ ಹೊಳೆ ದಾಟಬೇಕು, ಮಳೆ ಬಂದರೆ ಏನು ಮಾಡಬೇಕು, ಎಷ್ಟು ಹೊತ್ತಿಗೆ ಹಿಂತಿರುಗಬೇಕು ಎಂದು ಒಂದು ಹಾಳೆಯ ಮೇಲೆ ಗೀಚಿಕೊಂಡ ಟಿಪ್ಪಣಿ ಯಾವ ಸಂಕಲನಕ್ಕೂ ಸೇರುವುದಿಲ್ಲ. ಅದು ಕೆಲಸ ಮುಗಿದ ಮೇಲೆ ಎಸೆಯುವ ಕಾಗದ. ಆದರೆ ನಡಿಗೆಯ ಬರಹಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈಚೆಗೆ ಈ ಎಸೆಯುವ ಕಾಗದವೇ ಹೆಚ್ಚು ಓದಿಸಿಕೊಳ್ಳುತ್ತಿದೆ. ಬೆಟ್ಟವೊಂದನ್ನು ಹತ್ತುವ ಯೋಜನೆಯೂ ಒಂದು ಪಠ್ಯ. ಅದಕ್ಕೊಂದು ವ್ಯಾಕರಣವಿದೆ, ಅದು ಹೇಳದೆ ಬಿಡುವ ಸಂಗತಿಗಳೂ ಇವೆ. ಒಂದು ನಿದರ್ಶನದ ಮೂಲಕ ಇವೆರಡನ್ನೂ ನೋಡುವುದು ಈ ಬರಹದ ಉದ್ದೇಶ.

ನಿದರ್ಶನ ಸ್ಕಾಟ್ಲೆಂಡಿನದು. ಅಲ್ಲಿಯ ವಾಯವ್ಯ ಹೈಲ್ಯಾಂಡ್ಸ್‌ನಲ್ಲಿ, ಲಾಖ್ ಮರೀ ಎಂಬ ದೊಡ್ಡ ಸರೋವರದ ಉತ್ತರಕ್ಕೆ, ‘ಅ ವೈಚನ್’ ಎಂಬ ಬೆಟ್ಟವಿದೆ. ಗೇಲಿಕ್ ಭಾಷೆಯ ಈ ಹೆಸರಿಗೆ ‘ಕನ್ಯೆ’ ಎಂದು ಅರ್ಥ. ಎತ್ತರ 967 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳನ್ನು ‘ಮನ್ರೋ’ ಎಂದು ಕರೆಯುತ್ತಾರೆ. ಈಗಿನ ಪಟ್ಟಿಯಲ್ಲಿ ಅಂಥವು 282 ಇವೆ. ಅವುಗಳಲ್ಲೆಲ್ಲ ಅತ್ಯಂತ ‘ರಿಮೋಟ್’ ಆದದ್ದು ಅ ವೈಚನ್ ಎಂಬುದು ಬೆಟ್ಟ ಹತ್ತುವವರ ನಡುವೆ ರೂಢಿಯಾದ ಮಾತು. ಪಶ್ಚಿಮದ ಹಳ್ಳಿಯಿಂದ ಹೊರಟರೆ ತುದಿ ಮುಟ್ಟಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಅಷ್ಟೇ ದೂರ ಹಿಂತಿರುಗಬೇಕು.

ಈ ಬೆಟ್ಟವನ್ನು ನಾನು ಹತ್ತಿಲ್ಲ. ಭೂಪಟ, ಮಾರ್ಗದರ್ಶಿ ಪುಸ್ತಕ, ಹವಾಮಾನ ವರದಿ ಮತ್ತು ಕವಿತೆಗಳಿಂದಷ್ಟೇ ಬಲ್ಲೆ. ಹತ್ತದವರಿಗೆ ಬೆಟ್ಟದ ಬಗ್ಗೆ ಮಾತಾಡುವ ಹಕ್ಕೇನು ಎಂದು ಯಾರಾದರೂ ಕೇಳಬಹುದು. ಆದರೆ ಯೋಜನೆ ಎನ್ನುವುದು ಇನ್ನೂ ಹತ್ತದವರು ಬರೆಯುವ ಬರಹ. ಅದರ ಓದಿನ ಮಟ್ಟಿಗೆ ನಾನು ನಿಂತ ಜಾಗ ಸರಿಯಾಗಿಯೇ ಇದೆ ಅನ್ನಿಸುತ್ತದೆ.

‘ರಿಮೋಟ್’ ಎನ್ನುವ ಮಾತನ್ನು ಕನ್ನಡಕ್ಕೆ ತರುವಾಗಲೇ ಮೊದಲ ತೊಡಕು ಎದುರಾಗುತ್ತದೆ. ‘ದೂರದ’ ಎಂದರೆ ಸಾಲದು. ದೆಹಲಿಯೂ ದೂರವೇ, ಅದನ್ನು ಯಾರೂ ರಿಮೋಟ್ ಎನ್ನುವುದಿಲ್ಲ. ‘ಮೂಲೆಯ’ ಎಂದರೆ ಮಧ್ಯವೊಂದು ಬೇರೆಲ್ಲೋ ಇದೆ ಎಂದು ಒಪ್ಪಿಕೊಂಡಂತಾಯಿತು. ‘ಕುಗ್ರಾಮ’ ಎಂಬ ಪದವಂತೂ ದೂರವನ್ನು ಆ ಊರಿನದೇ ದೋಷವಾಗಿಸಿದೆ. ಉಳಿಯುವುದು ‘ದುರ್ಗಮ’. ಹೋಗಲು ಕಷ್ಟವಾದದ್ದು ಎಂಬ ಅದರ ಅರ್ಥದಲ್ಲಿ ಕನಿಷ್ಠ ನಡೆಯುವ ಕಾಲಿನ ನೆನಪಾದರೂ ಇದೆ. ಆದರೂ ಈ ಎಲ್ಲ ಪದಗಳಿಗೆ ಒಂದು ಸಮಾನ ಗುಣವಿದೆ: ಹೇಳುವವರು ಬೇರೆ ಕಡೆ ನಿಂತಿರುತ್ತಾರೆ. ಅಲ್ಲೇ ಹುಟ್ಟಿ, ಅಲ್ಲೇ ದನ ಮೇಯಿಸಿ, ಅಲ್ಲೇ ಸಾಯುವವರಿಗೆ ಆ ಜಾಗ ದುರ್ಗಮವಲ್ಲ. ಅವರಿಗೆ ದುರ್ಗಮವಾದದ್ದು ನಮ್ಮ ಪೇಟೆ, ನಮ್ಮ ಆಸ್ಪತ್ರೆ, ನಮ್ಮ ತಾಲೂಕು ಕಚೇರಿ. ಹಾಗಾದರೆ ಅ ವೈಚನ್ ಬೆಟ್ಟ ಯಾರಿಗೆ ದೂರ? ಯಾವಾಗಿನಿಂದ ದೂರ? ಈ ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು ಯೋಜನೆಯ ಹಾಳೆಗೆ ಬರೋಣ.

ಬೆಟ್ಟಕ್ಕೆ ಮುಖ್ಯವಾಗಿ ಎರಡು ಕಡೆಯಿಂದ ಹೋಗುತ್ತಾರೆ. ಒಂದು, ಪೂಲ್ಯೂ ಎಂಬ ಕಡಲಂಚಿನ ಹಳ್ಳಿಯಿಂದ. ಕರ್ನ್‌ಸರಿ ಎಂಬಲ್ಲಿ ಹಾದು, ಜೌಗು ನೆಲ ದಾಟಿ, ಫಿಯೊನ್ ಲಾಖ್ ಮತ್ತು ಡೂ ಲಾಖ್ (ಬಿಳಿ ಸರೋವರ, ಕರಿ ಸರೋವರ) ಇವೆರಡರ ನಡುವಿನ ಕಲ್ಲುಕಟ್ಟೆಯ ಮೇಲೆ ನಡೆದು, ಕಾರ್ನ್‌ಮೋರ್ ಎಂಬ ಒಂಟಿ ಮನೆಯ ಬಳಿಯಿಂದ ಏರಬೇಕು. ಇನ್ನೊಂದು, ಉತ್ತರದ ಡನ್‌ಡಾನಲ್ ಕಡೆಯಿಂದ. ಆ ದಾರಿಯಲ್ಲಿ ಶೆನವಾಲ್ ಎಂಬ ತಂಗುಮನೆ ಸಿಗುತ್ತದೆ. 1965ರಲ್ಲಿ ಹುಟ್ಟಿದ ಮೌಂಟನ್ ಬಾಥೀಸ್ ಅಸೋಸಿಯೇಷನ್ ಎಂಬ ಸ್ವಯಂಸೇವಕರ ಸಂಸ್ಥೆ ನೋಡಿಕೊಳ್ಳುವ, ಬೀಗವಿಲ್ಲದ, ಬಾಡಿಗೆಯಿಲ್ಲದ ಮನೆ ಅದು. ಅದರಾಚೆ ಎರಡು ಹೊಳೆಗಳನ್ನು ನೀರಿಗಿಳಿದೇ ದಾಟಬೇಕು. ಮಳೆ ಹಿಡಿದರೆ ಬೆಳಿಗ್ಗೆ ದಾಟಿದ ಹೊಳೆಯನ್ನು ಸಂಜೆ ದಾಟಲಾಗದೆ ಹೋಗಬಹುದು. ಒಂದೇ ದಿನದಲ್ಲಿ ಹೋಗಿಬರುವವರ ಮುಂದೆ ಹೀಗೆ ಎರಡು ಆಯ್ಕೆಗಳಿವೆ: ದಾರಿಯ ಉದ್ದವನ್ನು ಒಪ್ಪಿಕೊಳ್ಳಬೇಕು, ಇಲ್ಲವೆ ಹೊಳೆಯನ್ನು ನಂಬಬೇಕು.

ಪೂಲ್ಯೂ ದಾರಿಯನ್ನೇ ಆರಿಸಿದರೆ ಮುಂದಿನದು ಲೆಕ್ಕ. ಇದಕ್ಕೆ ಬಳಸುವ ಸೂತ್ರವನ್ನು ವಿಲಿಯಂ ನೈಸ್ಮಿತ್ ಎಂಬಾತ 1892ರಲ್ಲಿ ಸ್ಕಾಟಿಷ್ ಮೌಂಟನಿಯರಿಂಗ್ ಕ್ಲಬ್ಬಿನ ಪತ್ರಿಕೆಯಲ್ಲಿ, ಒಂದು ನಡಿಗೆಯ ಚಿಕ್ಕ ವರದಿಯ ಕೊನೆಗೆ ಬರೆದ. ಮೂರು ಮೈಲಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಸರಿಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. ಹೋಗಿಬರಲು 40 ಕಿಲೋಮೀಟರ್, ಒಟ್ಟು ಏರು 1,200 ಮೀಟರ್ ಎಂದಿಟ್ಟುಕೊಂಡರೆ ಎಂಟಕ್ಕೆ ಎರಡು ಸೇರಿ ಹತ್ತು ಗಂಟೆ. ಇದರಲ್ಲಿ ಕುಳಿತು ಬುತ್ತಿ ಬಿಚ್ಚುವ ಹೊತ್ತಿಲ್ಲ, ಜೌಗಿನಲ್ಲಿ ಕಾಲು ಹೂತುಕೊಳ್ಳುವ ಹೊತ್ತಿಲ್ಲ, ದಾರಿ ಹುಡುಕುವ ಹೊತ್ತೂ ಇಲ್ಲ. ಅವಕ್ಕೆ ಎರಡು ಗಂಟೆ ಸೇರಿಸಿದರೆ ಹನ್ನೆರಡು. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಹಗಲು-ರಾತ್ರಿ ಸಮವಾದ ದಿನಗಳಲ್ಲಿ ಅಲ್ಲಿಯೂ ಹಗಲು ಹನ್ನೆರಡು ಗಂಟೆಯದ್ದೇ. ಅಂದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಡಿಸೆಂಬರಿನಲ್ಲಿ ಹಗಲು ಆರೂವರೆ ಗಂಟೆಯ ಆಸುಪಾಸು, ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಹದಿನೆಂಟು ಗಂಟೆ ಬೆಳಕಿದೆ, ಆದರೆ ‘ಮಿಜ್’ ಎಂಬ ತೀರ ಸಣ್ಣ ಕಚ್ಚುನೊಣಗಳೂ ಇವೆ. ಮೇ ತಿಂಗಳನ್ನು ಅನೇಕರು ಮೆಚ್ಚುವುದು ಈ ಕಾರಣಕ್ಕೆ: ಬೆಳಕು ಧಾರಾಳ, ನೊಣಗಳ ಕಾಲ ಇನ್ನೂ ಬಂದಿರುವುದಿಲ್ಲ.

ಕೊನೆಗೆ ಹವಾಮಾನ. ಬ್ರಿಟನ್ನಿನ ಬೆಟ್ಟಗಳಿಗೆಂದೇ ಇರುವ ಮುನ್ಸೂಚನೆಯೊಂದು ಪ್ರಶ್ನೆಗಳ ರೂಪದಲ್ಲಿದೆ. ಗಾಳಿ ಎಷ್ಟು? ಆ ಗಾಳಿ ನಿಮ್ಮ ಮೇಲೆ ಮಾಡುವ ಪರಿಣಾಮ ಏನು? ಎಷ್ಟು ಒದ್ದೆಯಾಗುತ್ತೀರಿ? ಬೆಟ್ಟದ ಮೇಲೆ ಮೋಡವಿದೆಯೇ? ಮನ್ರೋಗಳ ತುದಿ ಮೋಡದಿಂದ ಹೊರಗಿರುವ ಸಾಧ್ಯತೆ ಶೇಕಡಾ ಎಷ್ಟು? ಇದನ್ನು ಓದುವಾಗ ನನಗೆ ಮುಖ್ಯವಾಗಿ ಕಂಡದ್ದು ಎರಡನೆಯ ಪ್ರಶ್ನೆ. ಗಾಳಿಯ ವೇಗವನ್ನು ಕೊಟ್ಟ ಮೇಲೆ ಅದು ನಡೆಯುವವರ ಮೈಗೆ ಏನು ಮಾಡುತ್ತದೆ ಎಂದು ಬೇರೆಯಾಗಿ ಹೇಳಬೇಕು ಎಂದು ಯಾರಿಗೋ ಅನ್ನಿಸಿದೆ. ಅಂಕಿಯನ್ನು ಅನುಭವಕ್ಕೆ ಅನುವಾದಿಸುವ ಈ ಕೆಲಸ ಸಾಹಿತ್ಯದ ಕೆಲಸಕ್ಕೆ ತೀರ ದೂರದ್ದಲ್ಲ.

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ಯೋಜನೆಯ ವ್ಯಾಕರಣ ಕಾಣುತ್ತದೆ. ಪ್ರವಾಸ ಕಥನ ಭೂತಕಾಲದಲ್ಲಿ ಬರೆದದ್ದು: ಹೊರಟೆವು, ಹತ್ತಿದೆವು, ಕಂಡೆವು. ಯೋಜನೆ ನಿಂತಿರುವುದು ‘ಅರೆ’ ಪ್ರತ್ಯಯದ ಮೇಲೆ: ಮಳೆ ಬಂದರೆ, ಹೊಳೆ ಏರಿದರೆ, ಒಂದು ಗಂಟೆಯಾದರೂ ತುದಿ ಸಿಗದಿದ್ದರೆ. ಕಥನದಲ್ಲಿ ಬೆಟ್ಟದ ಕೆಲಸ ಮುಗಿದಿರುತ್ತದೆ, ಅದು ಹಿನ್ನೆಲೆಯ ಚಿತ್ರವಾಗಿ ನಿಂತಿರುತ್ತದೆ. ಯೋಜನೆಯಲ್ಲಿ ಬೆಟ್ಟಕ್ಕೂ ಹೊಳೆಗೂ ಮೋಡಕ್ಕೂ ಬೇಡ ಎನ್ನುವ ಅಧಿಕಾರ ಇನ್ನೂ ಇದೆ. ಒಳ್ಳೆಯ ಯೋಜನೆಯ ಗುರುತು ಅದು ಎಷ್ಟು ಸಲ ‘ಹಿಂತಿರುಗು’ ಎಂದು ಬರೆದುಕೊಂಡಿದೆ ಎಂಬುದರಲ್ಲಿ ಇದೆ.

ಇನ್ನೊಂದು ಸಂಗತಿಯೂ ಇದೆ. ಹೊರಡುವ ಮುಂಚೆ ದಾರಿಯನ್ನೂ ಹಿಂತಿರುಗುವ ಹೊತ್ತನ್ನೂ ಬರೆದು ಯಾರ ಬಳಿಯಾದರೂ ಕೊಟ್ಟು ಹೋಗಬೇಕು ಎನ್ನುವುದು ಅಲ್ಲಿಯ ಬೆಟ್ಟಗಳ ಮೊದಲ ಪಾಠ. ಒಳಗಿನ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ಹೇಳಿದ ಹೊತ್ತಿಗೆ ಬಾರದಿದ್ದರೆ ಆ ಕಾಗದ ಪೊಲೀಸರ ಮೂಲಕ ಆ ಭಾಗದ ಪಾರುಗಾಣಿಕೆ ತಂಡಕ್ಕೆ ಹೋಗುತ್ತದೆ. ತಂಡದವರು ಸಂಬಳವಿಲ್ಲದ ಸ್ವಯಂಸೇವಕರು. ಬರೆದವರು ಕ್ಷೇಮವಾಗಿ ಬಂದರೆ ಈ ಬರಹವನ್ನು ಯಾರೂ ಓದುವುದಿಲ್ಲ. ಬಾರದಿದ್ದರೆ ಮಾತ್ರ ಅದಕ್ಕೆ ಓದುಗರು. ಇಂಥ ಕರಾರಿನ ಮೇಲೆ ಬರೆಯುವ ಇನ್ನೊಂದು ಪ್ರಕಾರ ನನಗೆ ಹೊಳೆಯುತ್ತಿಲ್ಲ. ಅಲಂಕಾರಕ್ಕೆ ಅಲ್ಲಿ ಜಾಗವಿಲ್ಲದಿರುವುದೂ ಇದರಿಂದಲೇ.

ಯೋಜನೆಯ ಈ ವಿನಯವನ್ನು ಮೆಚ್ಚಿ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮೊದಲು ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. ನಾಳಿನ ಮಳೆಯ ಬಗ್ಗೆ ಇಷ್ಟು ಎಚ್ಚರವಾಗಿರುವ ಈ ಬರಹ ನಿನ್ನೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ‘ರಿಮೋಟ್’ ಎನ್ನುವುದನ್ನು ಅದು ಎತ್ತರದ ಹಾಗೆ, ದೂರದ ಹಾಗೆ, ಬೆಟ್ಟದ ಸಹಜ ಗುಣವೆಂದೇ ಬರೆದುಕೊಳ್ಳುತ್ತದೆ. ಅದು ಹಾಗಲ್ಲ ಎಂಬುದಕ್ಕೆ ಸಾಕ್ಷಿ ಅದೇ ಭೂಪಟದಲ್ಲಿದೆ.

ಶೆನವಾಲ್ ಎಂಬ ಹೆಸರನ್ನೇ ನೋಡಿ. ಗೇಲಿಕ್‌ನಲ್ಲಿ ‘ಶನ್’ ಎಂದರೆ ಹಳೆಯ, ‘ಬಲ’ ಎಂದರೆ ಊರು, ಒಕ್ಕಲು. ಸಮಾಸದಲ್ಲಿ ಎರಡನೆಯ ಪದದ ಬಕಾರ ವಕಾರವಾಗಿದೆ. ಬೆಟ್ಟದ ಹೆಸರಿನಲ್ಲೂ ಇದೇ ಕ್ರಿಯೆ: ‘ಮೈಚನ್’ ಎಂಬ ಪದದ ಮುಂದೆ ‘ಅ’ ಬಂದಾಗ ಮಕಾರ ವಕಾರವಾಗಿ ‘ಅ ವೈಚನ್’ ಆಯಿತು. ಕನ್ನಡ ವ್ಯಾಕರಣ ಓದಿದವರಿಗೆ ಇದು ಅಪರಿಚಿತವಲ್ಲ. ಪ, ಬ, ಮಗಳಿಗೆ ವಕಾರ ಆದೇಶವಾಗಿ ಬರುತ್ತದೆ ಎಂದು ಕಲಿತಿದ್ದೇವೆ. ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುತ್ತದೆ. ಎರಡು ಭಾಷೆಗಳಿಗೂ ನಂಟಿಲ್ಲ. ಇದು ಬಾಯಿ ನುಡಿಯುವ ರೀತಿಯಲ್ಲಿರುವ ಹೋಲಿಕೆ ಮಾತ್ರ. ಆದರೆ ಈ ಹೋಲಿಕೆಯಿಂದ ಹೆಸರು ನಮಗೆ ಬಿಡಿಸಿಕೊಳ್ಳುತ್ತದೆ. ಶೆನವಾಲ್ ಎಂದರೆ ಹಳೆಯೂರು. ನಮ್ಮ ಹಳೇಬೀಡಿನಂಥ ಹೆಸರು.

ಎಲ್ಲಕ್ಕಿಂತ ದುರ್ಗಮವಾದ ಬೆಟ್ಟಕ್ಕೆ ಹೋಗುವ ದಾರಿಯ ತಂಗುಮನೆಯ ಹೆಸರು ಹಳೆಯೂರು! ಒಂದು ಜಾಗವನ್ನು ಹಳೆಯೂರು ಎಂದು ಕರೆಯಬೇಕಾದರೆ ಅಲ್ಲಿ ಊರೋ ಒಕ್ಕಲೋ ಇದ್ದಿರಬೇಕು, ಅದನ್ನು ಹಳೆಯದು ಎನ್ನಲು ಹೊಸದೊಂದು ಬಂದಿರಬೇಕು. ಯಾರ ಊರು, ಏಕೆ ಹಳತಾಯಿತು ಎಂದು ಹೆಸರು ಹೇಳುವುದಿಲ್ಲ. ಇದು ಯಾವತ್ತೂ ಮನುಷ್ಯರಿಲ್ಲದ ಜಾಗವಾಗಿತ್ತು ಎಂಬ ಭಾವನೆಯನ್ನು ಒಡೆಯಲು ಮಾತ್ರ ಇಷ್ಟು ಸಾಕು.

ಭೂಪಟದ ಇನ್ನೊಂದು ಪದ ‘ಫಾರೆಸ್ಟ್’. ಅ ವೈಚನ್ ಇರುವ ಸೀಮೆಯನ್ನು ಲೆಟರ್ಯೂ ಫಾರೆಸ್ಟ್, ಫಿಶರ್‌ಫೀಲ್ಡ್ ಫಾರೆಸ್ಟ್ ಎಂದು ಕರೆಯುತ್ತಾರೆ. ಹೆಸರು ನೋಡಿ ಕಾಡನ್ನು ನಿರೀಕ್ಷಿಸಿದರೆ ಅಲ್ಲಿ ಸಿಗುವುದು ಹೆಚ್ಚಾಗಿ ಬೋಳು ಗುಡ್ಡ, ಕಲ್ಲು, ಜೌಗು. ಇಲ್ಲಿ ‘ಫಾರೆಸ್ಟ್’ ಎಂದರೆ ಬೇಟೆಗೆ ಮೀಸಲಾದ ನೆಲ, ಜಿಂಕೆಯ ಫಾರೆಸ್ಟ್. ಹದಿನೇಳನೆಯ ಶತಮಾನದ ಆರಂಭದಲ್ಲಿ ಇದೇ ಲೆಟರ್ಯೂವಿನಲ್ಲಿ ಸರ್ ಜಾರ್ಜ್ ಹೇ ಎಂಬಾತ ಕಬ್ಬಿಣ ಕರಗಿಸುವ ಕುಲುಮೆ ಹಾಕಿದ್ದ. ಲಾಖ್ ಮರೀ ದಂಡೆಯ ಮರಗಳು ಅದಕ್ಕೆ ಇದ್ದಿಲಾದವು. ಈಗ ಮೌನಕ್ಕೆ ಹೆಸರಾದ ಸೀಮೆಯಲ್ಲಿ ಒಂದು ಕಾಲಕ್ಕೆ ಕೈಗಾರಿಕೆಯಿತ್ತು. ಹದಿನೆಂಟನೆಯ ಶತಮಾನದ ಕೊನೆಯಿಂದ ಹೈಲ್ಯಾಂಡ್ಸ್‌ನ ಕಣಿವೆ ಕಣಿವೆಗಳಲ್ಲಿ ಒಕ್ಕಲುಗಳನ್ನು ಎಬ್ಬಿಸಿ ಭೂಮಾಲೀಕರು ಕುರಿ ಬಿಟ್ಟರು. ಚರಿತ್ರೆಯಲ್ಲಿ ಇದಕ್ಕೆ ‘ಕ್ಲಿಯರೆನ್ಸಸ್’ ಎಂದು ಹೆಸರು. ಕುರಿಯ ಲಾಭ ಇಳಿದ ಮೇಲೆ ಅನೇಕ ಕಡೆ ಆ ನೆಲ ಶ್ರೀಮಂತರ ಜಿಂಕೆ ಬೇಟೆಗೆ ಹೋಯಿತು. ಹೈಲ್ಯಾಂಡ್ಸ್‌ನ ಒಳನಾಡಿನಲ್ಲಿ ಇಂದು ಚಾರಣಿಗರು ಮೆಚ್ಚಿ ನಡೆಯುವ ನಯವಾದ ಏರುದಾರಿಗಳಲ್ಲಿ ಬಹಳಷ್ಟು ಆ ಕಾಲದವು. ಕೊಂದ ಜಿಂಕೆಯನ್ನು ಕುದುರೆಯ ಮೇಲೆ ಹೇರಿ ಇಳಿಸಲು ಅವನ್ನು ಕಡಿದದ್ದು. ಯೋಜನೆ ‘ಒಳ್ಳೆಯ ದಾರಿ’ ಎಂದು ಬರೆಯುವಾಗ ಅದರ ಹಿಂದೆ ಇಷ್ಟೆಲ್ಲ ಇದೆ.

ಇಲ್ಲಿ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಮೂರು ಸಾವಿರ ಅಡಿಯ ಬೆಟ್ಟಗಳ ಪಟ್ಟಿಯನ್ನು ಸರ್ ಹ್ಯೂ ಮನ್ರೋ ಪ್ರಕಟಿಸಿದ್ದು 1891ರಲ್ಲಿ. ನೈಸ್ಮಿತ್ ತನ್ನ ಸೂತ್ರ ಬರೆದದ್ದು 1892ರಲ್ಲಿ. ಜಿಂಕೆಯ ಫಾರೆಸ್ಟುಗಳಾಗಿದ್ದ ನೆಲದಲ್ಲಿ ಎಷ್ಟನ್ನು ಬಡ ಒಕ್ಕಲುಗಳಿಗೆ ಸಾಗುವಳಿಗೋ ಮೇವಿಗೋ ಕೊಡಬಹುದು ಎಂದು ವಿಚಾರಿಸಲು ಸರ್ಕಾರ ಒಂದು ರಾಯಲ್ ಕಮಿಷನ್ ನೇಮಿಸಿದ್ದೂ 1892ರಲ್ಲಿಯೇ. ಅದರ ವರದಿ ಬಂದದ್ದು 1895ರಲ್ಲಿ. ಅದಕ್ಕೂ ಮುಂಚೆ, 1884ರಲ್ಲಿ, ಬೆಟ್ಟಗಳಲ್ಲಿ ನಡೆಯುವ ಹಕ್ಕನ್ನು ಕೋರಿ ಜೇಮ್ಸ್ ಬ್ರೈಸ್ ಪಾರ್ಲಿಮೆಂಟಿನಲ್ಲಿ ಮಸೂದೆ ಮಂಡಿಸಿ ಸೋತಿದ್ದ. ಪಟ್ಟಿ, ಸೂತ್ರ, ವಿಚಾರಣೆ ಮೂರೂ ಒಂದೇ ಕಾಲದವು, ಒಂದೇ ಬೆಟ್ಟಗಳ ಬಗೆಗಿನವು. ಮೊದಲೆರಡು ಕೇಳಿದ್ದು ಎಷ್ಟು ಎತ್ತರ, ಎಷ್ಟು ಹೊತ್ತು ಎಂದು. ಮೂರನೆಯದು ಕೇಳಿದ್ದು ಈ ನೆಲ ಯಾರ ಅನ್ನಕ್ಕೆ ಎಂದು. ನೂರಮೂವತ್ತು ವರ್ಷಗಳ ನಂತರ ಪಟ್ಟಿ ಮತ್ತು ಸೂತ್ರ ಪ್ರತಿಯೊಬ್ಬ ಚಾರಣಿಗರ ಜೇಬಿನಲ್ಲಿವೆ. ವಿಚಾರಣೆಯ ವರದಿ ಸಂಶೋಧಕರ ಮೇಜಿನ ಮೇಲಿದೆ.

ಅಳತೆಯನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಆದರೆ ಅಳತೆಗೆ ಎಷ್ಟು ನಿಷ್ಠೆ ಸಾಧ್ಯ ಎಂಬುದಕ್ಕೆ ಇದೇ ಸೀಮೆಯಲ್ಲಿ ಉದಾಹರಣೆಯಿದೆ. ಅ ವೈಚನ್‌ಗೆ ನೆರೆಯ ‘ಬೇನ್ ಅ ಖ್ಲೈವ್’ (ಕತ್ತಿಯ ಬೆಟ್ಟ) 2012ರವರೆಗೆ ಮನ್ರೋ ಆಗಿತ್ತು. ಮರು ಅಳತೆಯಲ್ಲಿ 913.96 ಮೀಟರ್ ಎಂದು ತಿಳಿಯಿತು. ಬೇಕಾದದ್ದು 914.4 ಮೀಟರ್. 44 ಸೆಂಟಿಮೀಟರಿಗೆ ಪಟ್ಟಿಯಿಂದ ಹೊರಬಿತ್ತು. ‘ಫಿಶರ್‌ಫೀಲ್ಡಿನ ಆರು’ ಎಂದು ಹೆಸರಾಗಿದ್ದ ಬೆಟ್ಟಗಳ ಸಾಲು ಐದಾಯಿತು. ಒಂದು ಮೊಳದಷ್ಟು ಕೊರತೆಯನ್ನು ಕಂಡುಹಿಡಿಯುವ ಶ್ರದ್ಧೆ ಇರುವಲ್ಲಿ ‘ರಿಮೋಟ್’ ಎನ್ನುವ ಪದವನ್ನು ಯಾರೂ ಮರು ಅಳತೆ ಮಾಡಿಲ್ಲ ಎನ್ನುವುದಷ್ಟೇ ನನ್ನ ಆಕ್ಷೇಪ.

ಕವಿಗಳು ಆ ಕೆಲಸ ಮಾಡಿದ್ದಾರೆ. ಹದಿನೆಂಟನೆಯ ಶತಮಾನದ ಗೇಲಿಕ್ ಕವಿ ಡಂಕನ್ ಬಾನ್ ಮ್ಯಾಕಿಂಟೈರ್ (1724–1812) ಓದುಬರಹ ಬಾರದವನು, ಬೇಟೆಯ ನೆಲದ ಕಾವಲುಗಾರನಾಗಿ ದುಡಿದವನು. ದಕ್ಷಿಣದ ಬೇನ್ ಡೋರನ್ ಎಂಬ ಬೆಟ್ಟವನ್ನು ಹೊಗಳಿ ಆತ ಕಟ್ಟಿದ ದೀರ್ಘ ಕವಿತೆಗೆ ಆ ನಾಡಿನ ಬ್ಯಾಗ್‌ಪೈಪ್ ಸಂಗೀತದ ವಿನ್ಯಾಸವಿದೆ. ಮೂಲ ರಾಗಕ್ಕೆ ಅಲ್ಲಿ ‘ನೆಲ’ ಎಂಬ ಅರ್ಥದ ಹೆಸರು, ಅದರ ವಿಸ್ತಾರಕ್ಕೆ ‘ನಡೆ’ ಎಂಬ ಅರ್ಥದ ಹೆಸರು. ನೆಲ, ನಡೆ, ಮತ್ತೆ ನೆಲ, ಮತ್ತೆ ನಡೆ ಎಂದು ಕವಿತೆ ಸಾಗುತ್ತದೆ. ಜಿಂಕೆ ಯಾವ ಇಳಿಜಾರಿನಲ್ಲಿ ಮೇಯುತ್ತದೆ, ಯಾವ ಊಟೆಯ ನೀರು ಕುಡಿಯುತ್ತದೆ ಎಂದು ಬಲ್ಲವನ ಮಾತು ಅದು. ಆ ಕವಿತೆಯಲ್ಲಿ ಬೆಟ್ಟ ಎಲ್ಲಿಂದಲೂ ದೂರವಿಲ್ಲ. ಅದೇ ಕವಿ ಮುಂದೆ, ಕುರಿ ಬಂದ ಮೇಲೆ, ಕುರಿಗಳನ್ನು ಕೊಲ್ಲುವ ನರಿಗಳನ್ನು ಹರಸಿ ಹಾಡು ಕಟ್ಟಿದ. ಇಪ್ಪತ್ತನೆಯ ಶತಮಾನದಲ್ಲಿ ನಾರ್ಮನ್ ಮೆಕೇಗ್ ಎಂಬ ಕವಿ ಫಿಶರ್‌ಫೀಲ್ಡಿಗೆ ಉತ್ತರದಲ್ಲಿರುವ ಅಸಿಂಟ್ ಸೀಮೆಯನ್ನು ಕುರಿತ ತನ್ನ ದೀರ್ಘ ಕವಿತೆಯಲ್ಲಿ ಈ ನೆಲದ ಒಡೆತನದ ಪ್ರಶ್ನೆಯನ್ನು ನೇರವಾಗಿ ಎತ್ತಿದ. 1993ರಲ್ಲಿ ಆ ಪ್ರಶ್ನೆಗೆ ಎರಡು ಉತ್ತರಗಳು ಸಿಕ್ಕವು. ಅಸಿಂಟ್‌ನ ಸಣ್ಣ ಒಕ್ಕಲುಗಳು ಒಂದು ಟ್ರಸ್ಟ್ ಕಟ್ಟಿಕೊಂಡು ತಾವು ದುಡಿಯುತ್ತಿದ್ದ ಎಸ್ಟೇಟನ್ನೇ ಕೊಂಡುಕೊಂಡರು. ಅದೇ ವರ್ಷ ಲೆಟರ್ಯೂವಿನಲ್ಲಿ, ಎಸ್ಟೇಟಿನ ಒಡೆಯರಾಗಿದ್ದ ಡಚ್ ಉದ್ಯಮಿ ಪಾಲ್ ಫಾನ್ ವ್ಲಿಸಿಂಗನ್ ಮತ್ತು ಚಾರಣಿಗರ ಸಂಘಟನೆಗಳ ನಡುವೆ ಒಪ್ಪಂದವಾಗಿ ನಡೆಯುವವರಿಗೆ ದಾರಿ ಬಿಟ್ಟುಕೊಡಲಾಯಿತು. ಹತ್ತು ವರ್ಷಗಳ ನಂತರ, 2003ರ ಭೂಸುಧಾರಣಾ ಕಾಯಿದೆ, ಜವಾಬ್ದಾರಿಯಿಂದ ನಡೆಯುವ ಹಕ್ಕನ್ನು ಇಡೀ ಸ್ಕಾಟ್ಲೆಂಡಿಗೆ ಕೊಟ್ಟಿತು. ಒಂದು ಕಡೆ ಬದುಕುವವರಿಗೆ ನೆಲ ಸಿಕ್ಕಿತು, ಇನ್ನೊಂದು ಕಡೆ ನಡೆಯುವವರಿಗೆ ಹಾದಿ ಸಿಕ್ಕಿತು. ಇವೆರಡೂ ಒಂದೇ ಅಲ್ಲ ಎಂಬುದನ್ನು ನಡಿಗೆಯ ಸಾಹಿತ್ಯ ಮರೆಯಬಾರದು.

ಈ ಚರ್ಚೆ ಬಂದಾಗೆಲ್ಲ ನ್ಯಾನ್ ಶೆಪರ್ಡ್ ಹೆಸರು ಬರುತ್ತದೆ. ಕೇರ್ನ್‌ಗಾರ್ಮ್ ಬೆಟ್ಟಗಳನ್ನು ಕುರಿತು ಆಕೆ 1940ರ ದಶಕದಲ್ಲಿ ಬರೆದ, 1977ರವರೆಗೆ ಅಚ್ಚಾಗದೆ ಉಳಿದಿದ್ದ ‘ದಿ ಲಿವಿಂಗ್ ಮೌಂಟನ್’ ಇವತ್ತು ಪ್ರಕೃತಿ ಬರವಣಿಗೆಯ ತರಗತಿಗಳಲ್ಲಿ ಕಡ್ಡಾಯ ಓದು. ಮೇಲಕ್ಕೆ ಹೋಗುವುದಕ್ಕಿಂತ ಬೆಟ್ಟದ ಒಳಕ್ಕೆ ಹೋಗುವುದು ಆಕೆಗೆ ಮುಖ್ಯ. ಹಾಗಾಗಿ ಶೆಪರ್ಡ್‌ರನ್ನು ಪಟ್ಟಿ ಹಿಡಿದು ಶಿಖರ ಎಣಿಸುವವರ ಎದುರು ನಿಲ್ಲಿಸಿ, ಯೋಜನೆ ಹಾಕುವವರನ್ನು ಕೀಳುಗಳೆಯುವ ವಿಮರ್ಶೆ ಸುಲಭವಾಗಿಬಿಟ್ಟಿದೆ. ಜೊತೆಯ ಸಂಶೋಧಕರೊಬ್ಬರು ನನ್ನನ್ನೂ ಕೇಳಿದ್ದುಂಟು: ‘ಗಂಟೆ ಲೆಕ್ಕ ಹಾಕಿಕೊಂಡು ಹೋದರೆ ಬೆರಗು ಎಲ್ಲಿ ಉಳಿಯುತ್ತೆ?’ ಈ ವಿರೋಧ ನನಗೆ ಒಪ್ಪಿಗೆಯಿಲ್ಲ. ಶೆಪರ್ಡ್ ಗುರಿಯಿಲ್ಲದೆ ಅಲೆಯಬಲ್ಲರು, ಏಕೆಂದರೆ ಆ ಬೆಟ್ಟಗಳ ಬಳಿಯೇ ಬಾಳಿದವರು. ನೀರು, ಹಿಮ, ಗಾಳಿ, ಬೆಳಕುಗಳಿಗೆ ಅವರ ಪುಸ್ತಕದಲ್ಲಿ ಅಧ್ಯಾಯಗಳೇ ಇವೆ. ಹಿಮಬಿರುಗಾಳಿಯಲ್ಲಿ ಸತ್ತ ಹುಡುಗರ ನೆನಪೂ ಅದೇ ಪುಸ್ತಕದಲ್ಲಿದೆ. ಹೊರಗಿನಿಂದ ಬರುವವರು ಅಂಥ ತಿಳಿವಳಿಕೆಗೆ ಬದಲಾಗಿ ಕೈಯಲ್ಲಿ ಹಿಡಿದುಕೊಳ್ಳುವ ಕಾಗದವೇ ಯೋಜನೆ. ನನಗೆ ಈ ನೆಲ ಗೊತ್ತಿಲ್ಲ ಎಂದು ಬರೆದುಕೊಡುವ ಒಪ್ಪಿಗೆ ಪತ್ರ ಅದು. ಬೆರಗಿಗೆ ಅದರಿಂದ ಅಡ್ಡಿಯಿಲ್ಲ.

ಇದೆಲ್ಲದರಿಂದ ಕನ್ನಡಕ್ಕೇನು ಎಂದು ಕೇಳಬಹುದು. ಒಂದು ನಿಜವಾದ ನಂಟಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಸ್ಟಾರ್ನೊವೇ ಪಟ್ಟಣದಲ್ಲಿ. ಪೂಲ್ಯೂ ಕಡೆಯ ಕರಾವಳಿಯಿಂದ ಮಿಂಚ್ ಎಂಬ ಕಡಲಪಟ್ಟಿ ದಾಟಿದರೆ ಸಿಗುವ ಲೂಯಿಸ್ ದ್ವೀಪದಲ್ಲಿ. 1815ರಲ್ಲಿ ಆತ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ನಮ್ಮ ಬೆಟ್ಟ, ಹೊಳೆ, ಊರುಗಳು ವಸಾಹತು ಆಡಳಿತದ ನಕ್ಷೆಗೆ ಏರಿದ್ದರಲ್ಲಿ ಆತನ ಪಾಲು ದೊಡ್ಡದು. ಆ ಅಳತೆ ಆಳುವವರ ಕೆಲಸಕ್ಕಾಗಿ ನಡೆದದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಸರಪಳಿ ಹಿಡಿದು ಅಳೆಯುತ್ತಲೇ ಮೆಕೆಂಜಿ ತನ್ನ ದೇಶೀಯ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನೂ ಬರೆಸಿದ. ಊರು ಯಾರು ಕಟ್ಟಿದರು, ಕೆರೆ ಯಾರದು, ಗುಡಿಗೆ ಯಾರು ಬಿಟ್ಟ ಮಾನ್ಯ ಎಂದು ಊರವರೇ ಹೇಳಿದ್ದು ಅಲ್ಲಿದೆ. ಉತ್ಪ್ರೇಕ್ಷೆ, ಪುರಾಣ, ತಮ್ಮ ಮನೆತನದ ಹೊಗಳಿಕೆ ಎಲ್ಲ ಸೇರಿಯೂ ಅದು ಊರವರ ಮಾತು. ನಕ್ಷೆಯ ಪಕ್ಕದಲ್ಲಿ ಕೈಫಿಯತ್ತು ಇದ್ದರೆ ಯಾವ ಜಾಗವನ್ನೂ ಬರಿದೇ ‘ದುರ್ಗಮ’ ಎಂದು ಬರೆದು ಮುಂದೆ ಹೋಗಲಾಗುವುದಿಲ್ಲ.

ಕನ್ನಡದಲ್ಲಿ ಚಾರಣದ ಬರಹಗಳು ಈಗ ವಾರಕ್ಕೊಂದರಂತೆ ಬರುತ್ತಿವೆ. ಅವುಗಳಲ್ಲಿ ‘ದುರ್ಗಮ’, ‘ಕನ್ಯೆಯಂಥ ಪ್ರಕೃತಿ’, ‘ಮನುಷ್ಯರ ಸುಳಿವಿಲ್ಲದ ಕಾಡು’ ಎಂಬ ಮಾತುಗಳು ಸವೆದ ನಾಣ್ಯಗಳ ಹಾಗೆ ಓಡಾಡುತ್ತವೆ. ಆ ಕಾಡಿನಿಂದ ಎದ್ದು ಹೋದವರ, ಎಬ್ಬಿಸಲ್ಪಟ್ಟವರ, ಇವತ್ತಿಗೂ ಅಲ್ಲೇ ಇರುವವರ ಸುಳಿವು ಹಿಡಿಯಲು ಬರೆಯುವವರಿಗೆ ಬಿಡುವಿಲ್ಲ. ತುದಿಯಲ್ಲಿ ಕಂಡ ಸೂರ್ಯೋದಯಕ್ಕೆ ಅರ್ಧ ಪುಟ ಸಿಗುತ್ತದೆ. ದಾರಿ ತೋರಿಸಿದವರಿಗೆ ಒಂದು ಸಾಲು, ಅದೂ ಹೆಸರಿಲ್ಲದೆ. ಇಂಥ ಬರಹಗಳಿಂದ ನಾನು ಅಪೇಕ್ಷಿಸುವುದು ಎರಡನ್ನು. ಒಂದು, ಹೊರಡುವ ಮುಂಚಿನ ಹಾಳೆಯನ್ನು ಎಸೆಯದೆ ಬರಹದೊಳಗೆ ತನ್ನಿ. ಏನು ಗೊತ್ತಿರಲಿಲ್ಲ, ಯಾವುದಕ್ಕೆ ಅಂಜಿದಿರಿ, ಎಲ್ಲಿ ಹಿಂತಿರುಗಲು ಸಿದ್ಧರಾಗಿದ್ದಿರಿ ಎಂಬುದು ಓದುಗರಿಗೆ ಗೊತ್ತಾಗಲಿ. ಎರಡು, ಆ ಹಾಳೆಯಲ್ಲಿ ದೂರ, ಏರು, ಹೊತ್ತು, ಹವೆ ಎಂಬ ನಾಲ್ಕು ಕಲಮುಗಳ ಜೊತೆಗೆ ಐದನೆಯದೊಂದನ್ನು ಸೇರಿಸಿಕೊಳ್ಳಿ: ಇದು ಯಾರ ಊರಾಗಿತ್ತು?

ಆ ಐದನೆಯ ಕಲಮು ಅನೇಕ ಸಲ ಖಾಲಿಯೇ ಉಳಿಯಬಹುದು. ಉತ್ತರ ಸಿಕ್ಕರೂ ನಡಿಗೆಯ ಹೊತ್ತು ಅದರಿಂದ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ಪೂಲ್ಯೂವಿನಿಂದ ಅ ವೈಚನ್ ತುದಿಗೆ ಇಪ್ಪತ್ತು ಕಿಲೋಮೀಟರೇ. ಆದರೆ ಹೊಳೆ ಏರಿದೆ ಎಂದು ಹಳೆಯೂರಿನ ತಂಗುಮನೆಯಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತ ಕುಳಿತವರಿಗೆ, ತಾವು ಕುಳಿತದ್ದು ಯಾರದೋ ಊರಿನಲ್ಲಿ ಎಂಬುದಾದರೂ ತಿಳಿದಿರುತ್ತದೆ.